ಒಂದೇ ಮನೆ, ಎರಡು ಎಸ್ಟಿಮೇಟು

ನನ್ನ ಲ್ಯಾಪ್‌ಟಾಪಿನಲ್ಲಿ 'ಮನೆ' ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ಎರಡು ಪಿಡಿಎಫ್. ಎರಡೂ ನಾನು ಊರ ಕಡೆ ಕಟ್ಟಿಸಿದ ಮನೆಯ ಎಸ್ಟಿಮೇಟುಗಳೇ. ಸೈಟಿನ ಅಳತೆ ಒಂದೇ, ನಕ್ಷೆ ಒಂದೇ, ಕೆಳಗಿರೋ ಸೀಲು, ಸಹಿ ಎರಡೂ ಒಂದೇ. ತಾರೀಖಲ್ಲಿ ಮಾತ್ರ ಹನ್ನೊಂದು ದಿನದ ವ್ಯತ್ಯಾಸ. ಬ್ಯಾಂಕಿಗೆ ಸಾಲಕ್ಕೆ ಅಂತ ಕೊಟ್ಟಿದ್ದರಲ್ಲಿ ಮನೆಯ ಖರ್ಚು 36 ಲಕ್ಷ. ಕಟ್ಟಡ ಲೈಸೆನ್ಸಿಗೆ ಕೊಟ್ಟಿದ್ದರಲ್ಲಿ 9 ಲಕ್ಷದ 90 ಸಾವಿರ.

ಪ್ಲ್ಯಾನ್ ಬರೆದುಕೊಟ್ಟವರು ಒಳ್ಳೆಯವರು, ಲೈಸೆನ್ಸ್ ಇರೋ ಇಂಜಿನಿಯರು, ನನಗಿಂತ ನಾಲ್ಕು ವರ್ಷ ಸೀನಿಯರ್. "ಹತ್ತು ಲಕ್ಷ ದಾಟಿದ್ರೆ ಒಂದು ಪರ್ಸೆಂಟ್ ಲೇಬರ್ ಸೆಸ್ ಬೀಳುತ್ತೆ ಸಾರ್. ಸುಮ್ನೆ ಯಾಕೆ? ಒಳಗೇ ಹಾಕ್ಬುಡ್ತೀನಿ. ಎಲ್ರೂ ಹಂಗೇ ಮಾಡೋದು" ಅಂದರು. ನಾನು ಫೋನಲ್ಲಿ 'ಹ್ಞೂಂ' ಅಂದೆ. ಮೀಟಿಂಗ್ ಮಧ್ಯೆ ಇದ್ದೆ, ಮ್ಯೂಟ್ ಮಾಡ್ಕೊಂಡು ಮಾತಾಡ್ತಿದ್ದೆ. ಅಷ್ಟೇ ಆಗಿದ್ದು.

ಊರು ಯಾವುದು ಅಂತ ಹೇಳಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕರಲ್ಲಿ ಒಂದರ ಅಂಚು ಅಂದುಕೊಳ್ಳಿ. ನಾಲ್ಕೂ ಕಡೆ ನಮಗೆ ನೆಂಟರಿದ್ದಾರೆ. ನಾಲ್ಕೂ ಕಡೆ ಮದುವೆ ಮನೆ ಊಟದ ಪಂಕ್ತಿಯಲ್ಲಿ ಈ ವಿಷಯ ತೆಗೆದು ನೋಡಿದೀನಿ. ಯಾರೂ ಹುಬ್ಬೇರಿಸಲಿಲ್ಲ. 'ನೀನು ಒಂಬತ್ತು ತೊಂಬತ್ತು ಅಂತ ಹಾಕ್ದಾ? ನಾನು ಎಂಟೂವರೆ' ಅಂದರು.

ಆಗ ನನ್ನ ಹತ್ತಿರ ಒಂದು ವಾದ ಇತ್ತು. ಆ ವಾದ ಇವತ್ತಿಗೂ ಪೂರ್ತಿ ಸತ್ತಿಲ್ಲ, ಅದಕ್ಕೇ ಇದನ್ನ ಬರೀತಿದೀನಿ. ಫೀಸು ಅಂದ್ರೆ ಏನು? ಟೋಲ್ ಕೊಡ್ತೀನಿ, ರಸ್ತೆ ಸಿಗುತ್ತೆ. ಸಬ್‌ಸ್ಕ್ರಿಪ್ಷನ್ ಕಟ್ತೀನಿ, ಸಿನಿಮಾ ಸಿಗುತ್ತೆ. ಮನೆ ಕಟ್ಟೋ ಪರವಾನಗಿಗೆ ಕಟ್ಟಿದರೆ? ಸೀಲು ಬಿದ್ದ ಒಂದು ನಕ್ಷೆ. ಪರಿಶೀಲನಾ ಶುಲ್ಕ ಅಂತ ಕಟ್ಟಿಸಿಕೊಂಡರು, ಪರಿಶೀಲನೆಗೆ ಬಂದವರು ಬೈಕಿಂದ ಇಳೀಲಿಲ್ಲ. ಅಭಿವೃದ್ಧಿ ಶುಲ್ಕ ಅಂತ ಕಟ್ಟಿಸಿಕೊಂಡರು, ಮನೆ ಮುಂದೆ ಚರಂಡಿ ಇಲ್ಲ, ಬೀದಿ ದೀಪ ನಾಲ್ಕು ಕಂಬದಾಚೆ ನಿಂತುಹೋಗಿದೆ. ಕೊಟ್ಟಿದ್ದಕ್ಕೆ ಏನೂ ಬರದಿದ್ದರೆ ಅದು ಫೀಸಲ್ಲ, ಕಪ್ಪಕಾಣಿಕೆ. ಕಪ್ಪ ಕೊಡೋದರಲ್ಲಿ ಸ್ವಲ್ಪ ಉಳಿಸಿಕೊಂಡರೆ ಪಾಪ ಏನು?

ಈ ವಾದಕ್ಕೆ ಕಾನೂನಿನ ಬೆಂಬಲವೂ ಇದೆ, ಅದೂ ನಮ್ಮ ಉಡುಪಿಯಿಂದ. ದಕ್ಷಿಣ ಕನ್ನಡ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಮದ್ರಾಸ್ ಸರ್ಕಾರದ 1951ರ ಧಾರ್ಮಿಕ ದತ್ತಿ ಕಾಯ್ದೆ ಮಠ, ದೇವಸ್ಥಾನಗಳ ಆದಾಯದಲ್ಲಿ ಶೇ. 5ರವರೆಗೆ ವಂತಿಗೆ ಕೇಳಿತು. ಶಿರೂರು ಮಠ ಕೋರ್ಟಿಗೆ ಹೋಯಿತು. 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ತಿರುಳು ಇಷ್ಟು: ತೆರಿಗೆ ಅಂದರೆ ಎಲ್ಲರ ಹೊರೆ, ಅದಕ್ಕೆ ಪ್ರತಿಯಾಗಿ ಇಂಥದ್ದೇ ಬೇಕು ಅಂತ ಕೇಳೋ ಹಾಗಿಲ್ಲ. ಶುಲ್ಕ ಅಂದರೆ ಒಂದು ನಿರ್ದಿಷ್ಟ ಸೇವೆಗೆ ಪಡೆಯೋದು, ಆ ದುಡ್ಡನ್ನ ಆ ಸೇವೆಗೇ ಮೀಸಲಿಡಬೇಕು. ಈ ವಂತಿಗೆ ಸರ್ಕಾರದ ಸಾಮಾನ್ಯ ಖಜಾನೆಗೆ ಹೋಗಿ ಸೇರ್ತಿದೆ, ಹಾಗಾಗಿ ಇದು ಶುಲ್ಕದ ವೇಷ ಹಾಕಿದ ತೆರಿಗೆ, ಹೀಗೆ ವಸೂಲಿ ಮಾಡೋ ಅಧಿಕಾರ ನಿಮಗಿಲ್ಲ ಅಂತ. ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ, ಸ್ಥೂಲವಾಗಿ ಸಂಬಂಧ ಇದ್ದರೆ ಸಾಕು ಅಂತ ಆಮೇಲಿನ ತೀರ್ಪುಗಳು ಸಡಿಲ ಮಾಡಿದವು. ಆದರೂ ದೇಶದಲ್ಲಿ ಯಾರೇ ಶುಲ್ಕದ ಮೇಲೆ ಕೋರ್ಟಿಗೆ ಹೋದರೂ ಶಿರೂರು ಮಠದ ಹೆಸರು ಬಂದೇ ಬರುತ್ತೆ.

ಬೆಂಗಳೂರಲ್ಲೂ ಹೀಗೇ ಆಯ್ತು. ಮನೆ ಕಟ್ಟೋರು ಮರಳು, ಜಲ್ಲಿ ರಸ್ತೆಗೆ ಸುರೀತಾರಲ್ಲ, ಅದಕ್ಕೆ 'ನೆಲಬಾಡಿಗೆ' ಅಂತ ಪಾಲಿಕೆ ವಸೂಲಿ ಮಾಡ್ತಿತ್ತು. ಜೊತೆಗೆ ಲೈಸೆನ್ಸ್ ಶುಲ್ಕ, ಪರಿಶೀಲನಾ ಶುಲ್ಕ ಇತ್ಯಾದಿ. ಇದಕ್ಕೆಲ್ಲ ಕಾಯ್ದೆಯಲ್ಲಿ ಆಧಾರವೇ ಇಲ್ಲ ಅಂತ 2021ರಲ್ಲಿ ಹೈಕೋರ್ಟ್ ಹೇಳಿತು. ಸರ್ಕಾರ ಏನು ಮಾಡ್ತು? ಕಾಯ್ದೆಗೇ ತಿದ್ದುಪಡಿ ತಂದು ಆಧಾರ ಮಾಡ್ಕೊಳ್ತು. ನಾವು ಕೋಡ್ ಫೇಲಾದಾಗ ಟೆಸ್ಟ್ ಕೇಸನ್ನೇ ತಿದ್ದಿ ಪಾಸ್ ಮಾಡಿಸ್ತೀವಲ್ಲ, ಆ ಥರ.

ಇನ್ನು ಮಾರ್ಗಸೂಚಿ ದರ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಆಸ್ತಿಗಳ ಮಾರ್ಗಸೂಚಿ ದರ ಏರಿತು. ಶುಲ್ಕವನ್ನ ಆ ದರಕ್ಕೆ ಗಂಟು ಹಾಕಿದ ಕಡೆಯೆಲ್ಲ ಶುಲ್ಕವೂ ತಾನಾಗಿ ಏರುತ್ತೆ. ನಕ್ಷೆ ನೋಡೋ ಇಂಜಿನಿಯರಿನ ಕಣ್ಣೇನೂ ಅಷ್ಟು ಚುರುಕಾಗಿರಲ್ಲ, ಚರಂಡಿಯೇನೂ ಅಷ್ಟು ಅಗಲ ಆಗಿರಲ್ಲ. ಪಕ್ಕದ ಹೊಲದವರು ಸೈಟು ಜಾಸ್ತಿ ರೇಟಿಗೆ ಮಾರಿದರು ಅನ್ನೋ ಕಾರಣಕ್ಕೆ ನಾನು ಬಚ್ಚಲು ಕಟ್ಟೋದಕ್ಕೆ ಜಾಸ್ತಿ ಕೊಡಬೇಕು. ಇದರ ತರ್ಕ ನನಗೆ ಈಗಲೂ ಒಪ್ಪಿಗೆ ಇಲ್ಲ.

ಅಮೆರಿಕದಲ್ಲೂ ಇದೇ ಜಗಳ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಜಾರ್ಜ್ ಶೀಟ್ಸ್ ಅನ್ನೋರು ಫ್ಯಾಕ್ಟರಿಯಲ್ಲಿ ತಯಾರಾದ ಒಂದು ಸಣ್ಣ ಮನೆ ತಂದು ತಮ್ಮ ಜಾಗದಲ್ಲಿ ಇಡೋದಕ್ಕೆ ಪರ್ಮಿಟ್ ಕೇಳಿದರೆ, ರಸ್ತೆ ಮೇಲೆ ಬೀಳೋ ಹೊರೆಗೆ ಅಂತ 23,420 ಡಾಲರ್ ಕೇಳಿದರು. ಒಂದು ಮನೆಯಿಂದ ಅಷ್ಟು ಟ್ರಾಫಿಕ್ಕಾ? 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು: ದರಪಟ್ಟಿಯನ್ನ ಚುನಾಯಿತ ಸಭೆಯೇ ಪಾಸ್ ಮಾಡಿದ್ದರೂ ಸರಿ, ಕೇಳೋ ದುಡ್ಡಿಗೂ ಆ ಮನೆಯಿಂದ ಬೀಳೋ ಹೊರೆಗೂ ಸಂಬಂಧ ಇದೆಯಾ ಅನ್ನೋ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ಆ 23 ಸಾವಿರ ಸರಿಯೋ ತಪ್ಪೋ ಅನ್ನೋದನ್ನ ಮಾತ್ರ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು.

ಇಷ್ಟೆಲ್ಲ ಓದಿಕೊಂಡ ಮೇಲೆ ನನ್ನ 9 ಲಕ್ಷದ 90 ಸಾವಿರ ನನಗೊಂದು ಸತ್ಯಾಗ್ರಹದ ಥರ ಕಾಣೋದಕ್ಕೆ ಶುರುವಾಯ್ತು. ನಮ್ಮಂಥ ಓದಿದವರ ಕಷ್ಟ ಇದು. ತಪ್ಪು ಮೊದಲು ಮಾಡ್ತೀವಿ, ಓದೋದು ಆಮೇಲೆ.

ನಮ್ಮಪ್ಪ ಹಳ್ಳಿಯಲ್ಲಿ ಮನೆ ಕಟ್ಟಿದ್ದು ನಾನು ಎರಡನೇ ಕ್ಲಾಸಲ್ಲಿದ್ದಾಗ. ಹೊಗೆಸೊಪ್ಪಿಗೆ ಆ ವರ್ಷ ಒಳ್ಳೆ ರೇಟು ಸಿಕ್ಕಿತ್ತು. ಸೊಪ್ಪು ಬೇಯಿಸೋ ಬ್ಯಾರನ್ನಿಗೆ ತಂಬಾಕು ಮಂಡಳಿಯ ಲೈಸೆನ್ಸಿತ್ತು, ಮನುಷ್ಯರಿರೋ ಮನೆಗೆ ಯಾವ ಲೈಸೆನ್ಸೂ ಇರಲಿಲ್ಲ. ಹಾಗಂತ ಕಾನೂನೇ ಇರಲಿಲ್ಲ ಅಂತಲ್ಲ. ಪಾಯ ತೆಗೆಯೋ ದಿನ ಊರ ಯಜಮಾನರು ಇಬ್ಬರು ಬಂದು ನಿಂತಿದ್ದು ನನಗೆ ನೆನಪಿದೆ. ಅವರು ಕೇಳಿದ್ದು ಎರಡೇ. ಜೋಡೆತ್ತಿನ ಗಾಡಿ ಹೋಗೋಷ್ಟು ಓಣಿ ಉಳೀತಾ? ನಿನ್ನ ಸೂರಿನ ನೀರು ನಿನ್ನ ಜಾಗಕ್ಕೇ ಬೀಳುತ್ತಾ, ಪಕ್ಕದವರ ಗೋಡೆಗೆ ಬೀಳುತ್ತಾ? ನಮ್ಮಪ್ಪ ಎರಡಡಿ ಒಳಕ್ಕೆ ದಾರ ಕಟ್ಟಿದರು. ಈಗ ಇಂಜಿನಿಯರುಗಳು ಸೆಟ್‌ಬ್ಯಾಕ್ ಅಂತಾರಲ್ಲ, ಅದು ಸೂರಿನ ನೀರಿನ ಹೊಸ ಹೆಸರು.

ಫೀಸೂ ಇತ್ತು. ಮುಯ್ಯಿ ಅಂತ. ನಮ್ಮ ಮನೆಗೆ ಮಣ್ಣು ಹೊತ್ತವರ ಮನೆಗೆ ನಮ್ಮಪ್ಪ, ಅವ್ವ ಹೋಗಿ ಹೊರಬೇಕಿತ್ತು. ಯಾರದು ಎಷ್ಟು ದಿನ ಅನ್ನೋದು ಎಲ್ಲರ ಬಾಯಲ್ಲೂ ಇರ್ತಿತ್ತು, ಸುಳ್ಳು ಎಸ್ಟಿಮೇಟ್ ಕೊಡೋದಕ್ಕೆ ಜಾಗವೇ ಇರಲಿಲ್ಲ. ಇದನ್ನ ಹೇಳಿ 'ಹಳೇ ಕಾಲ ಎಷ್ಟು ಚೆಂದ' ಅಂತ ನಿಟ್ಟುಸಿರು ಬಿಡೋ ಆಸೆ ನನಗಿಲ್ಲ. ಊರಾಚೆ ಕೇರಿಯವರು ನಮ್ಮ ಮನೆಗೂ ಮಣ್ಣು ಹೊತ್ತರು, ಅವರ ಮನೆಗೆ ನಮ್ಮವರು ಯಾರೂ ಮುಯ್ಯಿಗೆ ಹೋದ ನೆನಪು ನನಗಿಲ್ಲ. ಅವರ ಓಣಿಗೆ ಗಾಡಿಯ ಅಳತೆಯನ್ನೂ ಯಾರೂ ಹಿಡಿದಿರಲಿಲ್ಲ. ಯಾರ ಬಾಕಿಯನ್ನ ಲೆಕ್ಕಕ್ಕೆ ತಗೊಳ್ಳಬೇಕು, ಯಾರದ್ದನ್ನ ಬೇಡ ಅನ್ನೋದನ್ನ ಊರೇ ತೀರ್ಮಾನ ಮಾಡ್ತಿತ್ತು. ಕಾಗದ, ರಸೀದಿ, ಕಾನೂನು ಬೇಕಾಗಿದ್ದು ಅದಕ್ಕೇ ಅಂತ ನನ್ನ ಅಂದಾಜು.

ಇನ್ನೊಂದು ಥರದ ಊರೂ ನಮ್ಮ ಪಕ್ಕದಲ್ಲೇ ಇದೆ. ಕಾವೇರಿ ದಡದ ಯಡತೊರೆ 1924ರ ಪ್ರವಾಹಕ್ಕೆ ಸಿಕ್ಕಿ ಹಾಳಾದ ಮೇಲೆ ಮೈಸೂರು ಸರ್ಕಾರ ಹತ್ತಿರದಲ್ಲೇ ಹೊಸ ಊರು ಕಟ್ಟಿಸಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟಿತು. ಅದೇ ಕೃಷ್ಣರಾಜನಗರ. ನನ್ನ ಕೆ.ಆರ್. ನಗರದ ಗೆಳೆಯ ತಮ್ಮೂರಿನ ಅಗಲ ರಸ್ತೆಗಳನ್ನ ತಾನೇ ಹಾಕಿಸಿದ ಹಾಗೆ ಹೊಗಳಿಕೊಳ್ತಾನೆ. ಮನೆ ಬರೋದಕ್ಕೆ ಮೊದಲೇ ರಸ್ತೆಗೆ ಜಾಗ ಬಿಟ್ಟಿದ್ದು ಅಲ್ಲಿನ ಗುಟ್ಟು. ಹುಣಸೂರಿಂದ ಪಿರಿಯಾಪಟ್ಟಣದ ಕಡೆ ಹೆದ್ದಾರಿ ಪಕ್ಕದಲ್ಲಿ ಈಗ ಉಲ್ಟಾ. ನಿನ್ನೆ ಮೊನ್ನೆವರೆಗೆ ಹೊಗೆಸೊಪ್ಪು ಇದ್ದ ಹೊಲದಲ್ಲಿ ಬಿಳಿ ಬಳಿದ ಕಲ್ಲು ನೆಟ್ಟು ಸೈಟು ಮಾರ್ತಾರೆ. ರಸ್ತೆ, ನೀರು, ಚರಂಡಿ ಎಲ್ಲ ಆಮೇಲೆ ಯಾರೋ ಮಾಡಿಕೊಡ್ತಾರೆ ಅನ್ನೋ ಧೈರ್ಯ. ಆ 'ಯಾರೋ' ಅನ್ನೋರ ಜೇಬಿಗೆ ದುಡ್ಡು ಬರಬೇಕಾದ್ದು ನಾನು ಕಟ್ಟೋ ಶುಲ್ಕದಿಂದ, ನಾನೇ ಕಡಿಮೆ ತೋರಿಸಿದೀನಿ.

ಹೀಗೆ ಕಡಿಮೆ ತೋರಿಸಿದರೂ ಆಮೇಲೆ ದಂಡ ಕಟ್ಟಿ ಸರಿಮಾಡ್ಕೊಬಹುದು ಅನ್ನೋ ನಂಬಿಕೆ ಬೇರೆ. ತಂಬಾಕು ಬೆಳೆಗಾರರ ಮಕ್ಕಳಿಗೆ ಇದು ರಕ್ತದಲ್ಲೇ ಬಂದಿರುತ್ತೆ. ಮಂಡಳಿ ಕೊಟ್ಟ ಕೋಟಾಗಿಂತ ಜಾಸ್ತಿ ಬೆಳೆದರೆ ದಂಡ ಕಟ್ಟಿ ಹರಾಜಿಗೆ ಹಾಕಬೇಕು, ಕೆಲವು ವರ್ಷ ದೆಹಲಿಯಿಂದ ಆ ದಂಡವೂ ಮನ್ನಾ ಆಗುತ್ತೆ. ಕಟ್ಟಡಕ್ಕೆ ಇದರ ಹೆಸರು ಅಕ್ರಮ-ಸಕ್ರಮ. 2007ರಲ್ಲಿ ಕಾಯ್ದೆ, 2014ರಲ್ಲಿ ನಿಯಮ, 2016ರ ಕೊನೆಗೆ ಹೈಕೋರ್ಟಿನ ಒಪ್ಪಿಗೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ. ತಡೆ ಬಿದ್ದರೂ ಆಸೆಗೆ ತಡೆ ಬೀಳಲಿಲ್ಲ. ಮುಂದೆ ಮನ್ನಾ ಆಗುತ್ತೆ ಅಂತ ಗೊತ್ತಿರೋ ಕಡೆ ಇವತ್ತು ಪೂರ್ತಿ ಕಟ್ಟೋನು ದಡ್ಡ ಅನ್ನಿಸಿಕೊಳ್ತಾನೆ.

ಇಲ್ಲಿವರೆಗೆ ಇದು ನನಗೂ ಕಚೇರಿಗೂ ನಡುವಿನ ಲೆಕ್ಕ ಅಂತಲೇ ಅಂದುಕೊಂಡಿದ್ದೆ. ಗಾರೆ ಕೆಲಸಕ್ಕೆ ಬರ್ತಿದ್ದ ಅಕ್ಕ ಒಂದು ಕಾಗದ ಹಿಡಿದುಕೊಂಡು ಬರೋವರೆಗೆ.

ಮೇಸ್ತ್ರಿ ಜೊತೆ ಆರೇಳು ಜನ ಬರ್ತಿದ್ದರು. ಅದರಲ್ಲಿ ಈ ಅಕ್ಕ ಒಬ್ಬರು. ಬೆಳಗಿನ ಏಳೂವರೆ ಬಸ್ಸಿಗೆ ಬರೋರು. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳೀತದೆ, ಅದರಲ್ಲಿ ಮಗಳಿಗೆ ಬಸ್‌ಸ್ಟ್ಯಾಂಡಲ್ಲಿ ಬನ್ನು ಕೊಡಿಸ್ತೀನಿ ಅಂತ ಅಮ್ಮನ ಹತ್ತಿರ ಹೇಳಿದ್ದರಂತೆ. ಮಗಳು ಕಾಲೇಜಿಗೆ ಹೋಗ್ತಿದ್ದಾಳೆ. ತಲೆ ಮೇಲೆ ಸಿಂಬಿ ಇಟ್ಟು ಬಾಂಡ್ಲಿ ಹೊತ್ತು ಮೆಟ್ಟಿಲಿಲ್ಲದ ಕಾಲದಲ್ಲಿ ಹಲಗೆ ಮೇಲೆ ಹತ್ತಿ ನನ್ನ ಮನೆಯ ತಾರಸಿಗೆ ಕಾಂಕ್ರೀಟ್ ಸಾಗಿಸಿದವರು. ಯಾರು ಎಷ್ಟು ದಿನ ಬಂದರು ಅನ್ನೋ ಲೆಕ್ಕ ಅಮ್ಮ ಒಂಟಿಕೊಪ್ಪಲ್ ಕ್ಯಾಲೆಂಡರಲ್ಲಿ ಬರೆದಿಡ್ತಿದ್ದಳು, ಏಕಾದಶಿ, ಅಮಾವಾಸ್ಯೆ ಪಕ್ಕದಲ್ಲೇ ಪೆನ್ಸಿಲ್ ಗೀಟು. ಶನಿವಾರ ಬಟವಾಡೆ.

ಗೃಹಪ್ರವೇಶ ಆಗಿ ಒಂದು ತಿಂಗಳಿಗೆ ಅಕ್ಕ ಬಂದರು. "ತೊಂಬತ್ ದಿನ ಕೆಲ್ಸ ಮಾಡಿವ್ನಿ ಅಂತ ಒಂದು ಸೈನಾಕ್ಕೊಡಿ ಸಾ. ಕಾರ್ಡು ಮಾಡುಸ್ಬೇಕು. ಮಗೀಗೆ ಕಾಲೇಜ್ ದುಡ್ ಬತ್ತದಂತೆ."

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು ಅಂದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಕಾಗದ ನೋಡಿದೆ. ಮಾಲೀಕರ ಹೆಸರು, ಕೆಲಸ ನಡೆದ ಜಾಗ, ಯಾವತ್ತಿಂದ ಯಾವತ್ತಿನವರೆಗೆ. ಅಮ್ಮನ ಕ್ಯಾಲೆಂಡರ್ ಪ್ರಕಾರ ಅಕ್ಕನ ಲೆಕ್ಕ 104 ದಿನ. ಅಲ್ಲೇ ಪೆನ್ನು ಇತ್ತು. ಆದರೆ ನನ್ನ ತಲೆ ಇನ್ನೊಂದು ಲೆಕ್ಕ ಹಾಕ್ತಿತ್ತು: ಇವರದ್ದು 104 ದಿನ, ಮೇಸ್ತ್ರಿದು ಇಷ್ಟು, ಉಳಿದವರದು ಇಷ್ಟು, ಬರೀ ಕೂಲಿಯೇ 11 ಲಕ್ಷ ದಾಟುತ್ತೆ. ಮನೆಯ ಒಟ್ಟು ಖರ್ಚು 9 ಲಕ್ಷದ 90 ಸಾವಿರ ಅಂತ ನಾನು ಸರ್ಕಾರಕ್ಕೆ ಬರೆದುಕೊಟ್ಟಿದೀನಿ. ಈ ಕಾಗದ, ಆ ಕಾಗದ ಯಾರಾದರೂ ಪಕ್ಕಪಕ್ಕ ಇಟ್ಟರೆ?

ಯಾರೂ ಇಡಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಇಲಾಖೆ ಬೇರೆ, ಸರ್ವರ್ ಬೇರೆ. ಎರಡು ಸಿಸ್ಟಮ್ ಒಂದಕ್ಕೊಂದು ಮಾತಾಡೋ ಹಾಗೆ ಮಾಡೋದೇ ನನ್ನ ಹೊಟ್ಟೆಪಾಡು. ಅದು ಎಷ್ಟು ಕಷ್ಟ ಅಂತ ನನಗಿಂತ ಯಾರಿಗೆ ಗೊತ್ತು. ಲೈಸೆನ್ಸ್ ಅರ್ಜಿಯ 'ಅಂದಾಜು ವೆಚ್ಚ' ಅನ್ನೋ ಜಾಗ ಯಾವ ವ್ಯಾಲಿಡೇಶನ್ನೂ ಇಲ್ಲದ ಇನ್‌ಪುಟ್ ಫೀಲ್ಡು, ಏನು ಹಾಕಿದರೂ ನುಂಗುತ್ತೆ. ಇಷ್ಟು ಗೊತ್ತಿದ್ದೂ "ಇಟ್ಟೋಗಿ ಅಕ್ಕ, ನೋಡ್ತೀನಿ" ಅಂದೆ. ಭಾನುವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ. ಕಾಗದ ಟಿವಿ ಮೇಲೇ ಇತ್ತು.

ಮೂರು ವಾರ ಆದಮೇಲೆ ಅಮ್ಮ ಫೋನಲ್ಲಿ ಹೇಳಿದಳು: "ಆಯಮ್ಮ ಬಂದಿತ್ತು ಕನಪ್ಪ, ಕಾಗ್ದ ಇಸ್ಕೊಂಡೋಯ್ತು. ಯಾರೋ ಐನೂರ್ ರೂಪಾಯಿ ತಕೊಂಡು ಸೈನು, ಸೀಲು ಎಲ್ಲ ಹಾಕ್ಕೊಡ್ತರಂತೆ."

ಆಯಮ್ಮ ನಿಜವಾಗಿ ಮಾಡಿದ ಕೆಲಸಕ್ಕೆ ಸುಳ್ಳು ಸರ್ಟಿಫಿಕೇಟು ದುಡ್ಡು ಕೊಟ್ಟು ತಗೊಂಡಳು. ನಿಜವಾದ್ದನ್ನ ಬರೆದುಕೊಡಬೇಕಾಗಿದ್ದ ಒಬ್ಬನೇ ಮನುಷ್ಯ ತನ್ನ ಸುಳ್ಳು ಕಾಯ್ಕೊಂಡು ಕೂತಿದ್ದ. ಐನೂರು ರೂಪಾಯಿ ಅವಳ ಒಂದು ದಿನದ ಕೂಲಿ.

ಆಮೇಲೆ ನಾನು ಲೇಬರ್ ಸೆಸ್ ಬಗ್ಗೆ ಓದಿದ್ದು. ಈ ಸಲ ವಾದಕ್ಕೆ ಅಲ್ಲ. 1996ರಲ್ಲಿ ಎರಡು ಕೇಂದ್ರ ಕಾಯ್ದೆ ಬಂದವು, ಒಂದು ಕಟ್ಟಡ ಕಾರ್ಮಿಕರ ರಕ್ಷಣೆಗೆ, ಇನ್ನೊಂದು ಅದಕ್ಕೆ ಬೇಕಾದ ದುಡ್ಡಿಗೆ. ಕಟ್ಟೋ ಖರ್ಚಿನ ಮೇಲೆ ಶೇ. 1 ಸೆಸ್. ಸ್ವಂತಕ್ಕೆ ಕಟ್ಟೋ ಮನೆ 10 ಲಕ್ಷದೊಳಗಿದ್ದರೆ ವಿನಾಯಿತಿ. ದೆಹಲಿಯ ಒಬ್ಬ ಗುತ್ತಿಗೆದಾರರ ಸಂಸ್ಥೆ, ದಿವಾನ್ ಚಂದ್ ಬಿಲ್ಡರ್ಸ್, ಈ ಸೆಸ್ ಅಸಲಿಗೆ ತೆರಿಗೆ ಅಂತ ವಾದ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಇದು ಶುಲ್ಕವೇ, ಯಾಕಂದರೆ ಇದು ಖಜಾನೆಗಲ್ಲ, ಕಾರ್ಮಿಕರಿಗೆ ಕೊಡೋ ಸೌಲಭ್ಯಕ್ಕೇ ಮೀಸಲು ಅಂತು.

ಅಲ್ಲಿ ನಾನು ನಿಂತೆ. ಶಿರೂರು ಮಠದ ತೀರ್ಪನ್ನ ನಾನು ಓದಿದ್ದು 'ನಾನು ಕೊಟ್ಟರೆ ನನಗೇನು ಬರುತ್ತೆ' ಅಂತ. ಇಲ್ಲಿ ಕೊಡೋನು ನಾನು, ಬರೋದು ಬಾಂಡ್ಲಿ ಹೊತ್ತವಳಿಗೆ, ಆದರೂ ಇದು ಶುಲ್ಕ. ಹಾಗಾದರೆ ಶುಲ್ಕ ಅಂದರೆ ಸೀಲಿನ ಬೆಲೆ ಅಲ್ಲ. ನನ್ನ ಮನೆ ಎದ್ದು ನಿಲ್ಲೋವಾಗ ಯಾರ ಮೇಲೆಲ್ಲ ಭಾರ ಬಿತ್ತೋ ಅವರಿಗೆ ನಾನು ಕೊಡಬೇಕಾದ ಬಾಕಿ. ನೀರು ಹರಿದು ಹೋಗೋ ಕಡೆ ತಗ್ಗಿನಲ್ಲಿರೋ ಮನೆಯವರು, ರಸ್ತೆಗೆ ಸುರಿದ ಜಲ್ಲಿ ಮೇಲೆ ಸೈಕಲ್ ಜಾರಿ ಬಿದ್ದ ಹುಡುಗ, ಹಲಗೆ ಮೇಲೆ ಹತ್ತಿದ ಅಕ್ಕ. ನಾನು 36 ಸಾವಿರ ಉಳಿಸಿದ್ದು ಕಚೇರಿಯಿಂದ ಅಂದುಕೊಂಡಿದ್ದೆ. ಕಚೇರಿಗೆ ಅದರಿಂದ ಏನೂ ಆಗಿಲ್ಲ, ಅಲ್ಲಿ ಫ್ಯಾನು ಈಗಲೂ ತಿರುಗ್ತಿದೆ.

ಹಾಗಂತ ಕಟ್ಟಿದ್ದೆಲ್ಲ ಅಕ್ಕನಿಗೇ ಹೋಗ್ತಿತ್ತಾ? ಈ ಪ್ರಶ್ನೆಯನ್ನ ನನ್ನ ತಪ್ಪು ಮುಚ್ಚೋದಕ್ಕೆ ಬಳಸಬಾರದು, ಆದರೆ ಕೇಳದೆ ಬಿಡೋದೂ ಸರಿಯಲ್ಲ. ದೇಶದಾದ್ಯಂತ ಈ ಸೆಸ್ಸಿನ ಸಾವಿರಾರು ಕೋಟಿ ರೂಪಾಯಿ ಖರ್ಚಾಗದೇ ಕೂತಿದ್ದಕ್ಕೆ ಮತ್ತು ಖರ್ಚಾದ ಕಡೆ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್‌ಗೆ ಹೋಗಿದ್ದಕ್ಕೆ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳನ್ನ ಚೆನ್ನಾಗಿ ತರಾಟೆಗೆ ತಗೊಂಡಿತು. ಕೆಸರಲ್ಲಿ ನಿಂತು ಇಟ್ಟಿಗೆ ಹೊರೋರ ಹೆಸರಲ್ಲಿ ವಾಷಿಂಗ್ ಮಷೀನ್! ನಮ್ಮ ಹಳ್ಳಿಯಲ್ಲೇ ಒಮ್ಮೆಯೂ ಕರಣೆ ಹಿಡೀದ ಇಬ್ಬರ ಹತ್ತಿರ ಕಾರ್ಮಿಕರ ಕಾರ್ಡಿದೆ. ಅವರಿಗೂ ಯಾರೋ ಐನೂರಕ್ಕೆ ಸೈನು ಹಾಕಿಕೊಟ್ಟಿರಬೇಕು. ನನ್ನಂಥ ಮಾಲೀಕರು ನಿಜವಾದ ಸಹಿ ಹಾಕದೇ ಹೋದಾಗಲೇ ಸುಳ್ಳು ಸಹಿಗೆ ಮಾರ್ಕೆಟ್ ಹುಟ್ಟೋದು, ಆ ಮಾರ್ಕೆಟ್ಟಲ್ಲಿ ಅಕ್ಕನೂ ಒಂದೇ, ಅವರೂ ಒಂದೇ.

ಆ 10 ಲಕ್ಷದ ಮಿತಿಯದ್ದೂ ಒಂದು ಕಥೆ. 1996ರಲ್ಲಿ ನಮ್ಮ ಕಡೆ ಹತ್ತು ಲಕ್ಷಕ್ಕೆ ಬಂಗಲೆ ಬರ್ತಿತ್ತು. ವಿನಾಯಿತಿ ಇದ್ದಿದ್ದು ಬಡವರ, ಮಧ್ಯಮದವರ ಮನೆಗೆ. ನಾನು ಕಟ್ಟಿಸೋ ಹೊತ್ತಿಗೆ ಹತ್ತು ಲಕ್ಷಕ್ಕೆ ಒಂದು ರೂಮು, ಒಂದು ಅಡುಗೆಮನೆ ಬಂದರೆ ಹೆಚ್ಚು. ನಂಬರ್ ಮಾತ್ರ ಅಲ್ಲೇ ನಿಂತಿತ್ತು. ಇಪ್ಪತ್ತೈದು ವರ್ಷ ಕಣ್ಣೆತ್ತಿ ನೋಡದ ನಂಬರು ಜನರ ಬಾಯಲ್ಲಿ ಸುಳ್ಳು ಹೇಳಿಸುತ್ತೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಮಿತಿಯನ್ನ 50 ಲಕ್ಷಕ್ಕೆ ಏರಿಸಿದ್ದಾರೆ. ಹೊಸ ಲೆಕ್ಕದಲ್ಲಿ ನನ್ನಂಥ ಮನೆ ಸೆಸ್ಸಿಗೇ ಬರಲ್ಲ. ಇದನ್ನ ಓದಿದಾಗ ಒಂದು ಕ್ಷಣ ಹಗುರ ಅನ್ನಿಸಿದ್ದು ನಿಜ. ಆದರೆ ನಾನು ಕಟ್ಟಿಸಿದ್ದು ಹಳೇ ಕಾಯ್ದೆಯ ಕಾಲದಲ್ಲಿ. ಮತ್ತೆ, ನಾನು ಅಕ್ಕನಿಗೆ ಸೈನು ಹಾಕದೇ ಇದ್ದಿದ್ದು ಯಾವ ಮಿತಿಯೊಳಗೆ ಬರುತ್ತೆ?

ದರ ಹೇಗೆ ನಿಗದಿಯಾಗಬೇಕು ಅಂತ ನನ್ನ ಕೇಳೋರು ಯಾರೂ ಇಲ್ಲ. ಆದರೂ ಹೇಳ್ತೀನಿ. ನಮ್ಮಂಥ ಸಣ್ಣ ಊರುಗಳ ಪುರಸಭೆಗೆ ರಾಜ್ಯದ ಅನುದಾನವೇ ದೊಡ್ಡ ಆಧಾರ, ಸ್ವಂತ ದರ ಏರಿಸೋ ವಿಷಯ ಸಭೆಗೆ ಬಂದರೆ ಯಾವ ಸದಸ್ಯರಿಗೂ ಇಷ್ಟ ಇರಲ್ಲ, ಮುಂದಿನ ಸಭೆಗೆ ಹೋಗುತ್ತೆ. ಅಲ್ಲಿಂದ ಅದರ ಮುಂದಿನದಕ್ಕೆ. ನನ್ನ ಪ್ರಕಾರ ಸೈಟಿನ ಮಾರುಕಟ್ಟೆ ಬೆಲೆ ನೋಡಬಾರದು, ಮನೆಯ ಭಾರ ನೋಡಬೇಕು. ಎಷ್ಟು ಚದರ, ಎಷ್ಟು ಬಾಡಿಗೆ ಮನೆ, ಎಷ್ಟು ನೀರು ಚರಂಡಿಗೆ. ಚದರಡಿ ಲೆಕ್ಕದಲ್ಲಿ ಕಚೇರಿಯೇ ಅಂದಾಜು ಹಾಕಿದರೆ 9.90ರ ನಾಟಕವೇ ಬೇಕಿಲ್ಲ. ಅಭಿವೃದ್ಧಿ ಶುಲ್ಕ ಅಂತ ತಗೊಂಡಿದ್ದು ಯಾವ ಬೀದಿಗೆ ಹೋಯ್ತು ಅಂತ ಕಚೇರಿ ಗೋಡೆ ಮೇಲೆ ಬರೀಲಿ. ಇನ್ನೂ ಒಂದು ಮಾತು. ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಕಾಡಿಂದ ಹೊರಗೆ ಬಂದ ಜೇನುಕುರುಬರಿಗೆ ತಾವಿರೋ ಜಾಗಕ್ಕೆ ಕಾಗದವೇ ಸಿಗದಿದ್ದರೆ, ಶುಲ್ಕ ಹತ್ತು ರೂಪಾಯಿ ಇದ್ದರೂ ಅವರು ಕೌಂಟರ್‌ವರೆಗೆ ಬರೋ ಹಾಗಿಲ್ಲ. ಅಲ್ಲಿಂದ ಸ್ವಲ್ಪ ದೂರ, ಕಬಿನಿ ಹಿನ್ನೀರಿನ ಪಕ್ಕ, ನಮ್ಮ ಟೀಮ್ ಔಟಿಂಗಿಗೆ ಹೋಗಿದ್ದ ರೆಸಾರ್ಟಿನ ಒಂದು ರಾತ್ರಿಯ ಬಾಡಿಗೆ ನನ್ನ ಇಡೀ ಮನೆಯ ಪರವಾನಗಿ ಶುಲ್ಕಕ್ಕಿಂತ ಜಾಸ್ತಿ. ಅವತ್ತು ಬಿಲ್ ನೋಡಿ ಯಾರೂ 'ಇದಕ್ಕೆ ನಮಗೇನು ಸಿಕ್ತು' ಅಂತ ಕೇಳಲಿಲ್ಲ.

ಹೋದ ತಿಂಗಳು ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಸೆಸ್ ತಡವಾಗಿ ಕಟ್ಟಿದರೆ ತಿಂಗಳಿಗೆ ಶೇ. 2 ಬಡ್ಡಿ, ಅದರ ಮೇಲೆ ಸೆಸ್ಸಿನಷ್ಟೇ ದಂಡವೂ ಬೀಳಬಹುದು ಅಂತ ಹಳೇ ಕಾಯ್ದೆಯಲ್ಲಿತ್ತು. ಅದಕ್ಕೆ ತಯಾರಾಗೇ ಹೋಗಿದ್ದೆ. ಕೌಂಟರಲ್ಲಿದ್ದವರು ನನ್ನ ಮುಖ ಎರಡು ಸಲ ನೋಡಿದರು. "ಕಟ್ಬೇಕು ಅಂತ ಬಂದಿದೀರಾ? ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?" ಇಲ್ಲ ಅಂದೆ. "ಫೈಲ್ ಮುಗ್ದೋಗಿದೆ ಸಾರ್. ಈಗ ಎಸ್ಟಿಮೇಟ್ ತಪ್ಪು ಅಂತ ಬರ್ಕೊಟ್ರೆ ಮೊದ್ಲು ನೋಟಿಸ್ ಹೋಗೋದು ಪ್ಲ್ಯಾನಿಗೆ ಸೈನ್ ಮಾಡಿದೋರ್ಗೆ. ನೋಡಿ, ಯೋಚ್ನೆ ಮಾಡಿ."

ಇದು ನಾನು ಯೋಚಿಸಿರಲಿಲ್ಲ. ನನ್ನ ಮನಸ್ಸಿನ ಸಮಾಧಾನದ ಬಿಲ್ಲು ಇನ್ನೊಬ್ಬರ ಲೈಸೆನ್ಸಿಗೆ ಹೋಗಿ ಬೀಳುತ್ತೆ. ಅವರ ಮಗ ಹತ್ತನೇ ಕ್ಲಾಸು. ಸಂಜೆ ಅವರ ಆಫೀಸಿಗೆ ಹೋಗಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಬ್ಯಾಂಕಿನ ಎಸ್ಟಿಮೇಟೂ ನಂದೇ ಅಲ್ವಾ ಸಾರ್, ಅದೂ ಸುಳ್ಳಲ್ಲ" ಅಂದರು. ಇಬ್ಬರೂ ಸೇರಿ, ಕೆಲಸ ನಡೀತಾ ಖರ್ಚು ಜಾಸ್ತಿ ಆಯ್ತು, ಪರಿಷ್ಕೃತ ಎಸ್ಟಿಮೇಟ್ ಕೊಡ್ತಿದೀವಿ ಅಂತ ಬರೆಯೋದು ಅನ್ನೋ ತೀರ್ಮಾನಕ್ಕೆ ಬಂದ್ವಿ. ಅದೂ ಸಣ್ಣ ಸುಳ್ಳೇ. ಆದರೆ ಈ ಸಲ ಮೊತ್ತ ನಿಜ. ಜೊತೆಗೆ ಕೂಲಿಯ ಲೆಕ್ಕ ದಿನವಾರು ಇದ್ದರೆ ಒಳ್ಳೇದು ಅಂದರು ಅವರು.

ಮನೆಗೆ ಬಂದು ಅಮ್ಮನ ಹತ್ತಿರ ಆ ವರ್ಷದ ಕ್ಯಾಲೆಂಡರ್ ಕೇಳಿದೆ. ಅಕ್ಕನ ಕಾರ್ಡು ಮುಂದೆ ರಿನ್ಯೂ ಮಾಡಿಸೋವಾಗಲೂ ಅದೇ ಬೇಕಾಗುತ್ತೆ, ಆ ಸಲ ಐನೂರು ಕೊಡೋದು ಬೇಡ ಅಂತಲೂ ಹೇಳಿದೆ. ಅಮ್ಮ ಅಟ್ಟದ ಮೇಲಿನ ಗಂಟು ಬಿಚ್ಚಿ ಹುಡುಕಿದಳು. ಜನವರಿಯಿಂದ ಮೇವರೆಗಿನ ಹಾಳೆ ಸಿಕ್ತು.

"ಜೂನು, ಜುಲೈದು ಅಡುಗೆಮನೆ ಡಬ್ಬಗಳ ಕೆಳಗೆ ಹಾಸಿವ್ನಿ ಕನ. ಎಣ್ಣೆ ಆಗದೆ. ತಕ್ಕೊಡ್ಲಾ?"

ತಕ್ಕೊಡು ಅಂದೆ.